ಭಂಗಾರದ ಅಂಗಡಿಯಲ್ಲಿ ಬಂಗಾರ! ಹಳೇ ಕಾರಿನ ಕಿಟಕಿ ಬೀಡಿಂಗ್‌ಗಾಗಿ ಮೂರೂರು ಸುತ್ತಾಟ

ಉಮರ್ಗಾ: ಎಂಜಿನ್ ಕೆಟ್ಟರೆ ಮಿಸ್ತ್ರಿ ಸಿಗುತ್ತಾನೆ. ಟಾಯರ್ ಪಂಕ್ಚರ್ ಆದರೆ ಹೆದ್ದಾರಿ ಮೇಲೆ ಅಂಗಡಿಗಳಿಗೆ ಬರವಿಲ್ಲ. ಬ್ಯಾಟರಿ ಇಳಿದರೆ ನಾಲ್ಕು ಮಂದಿ ಸೇರಿ ದಬ್ಬಿದರೂ ಗಾಡಿ ಮನೆ ಮುಟ್ಟುತ್ತದೆ. ಆದರೆ ಇಪ್ಪತ್ತು ವರ್ಷದ ಹಳೇ ಕಾರಿನ ಕಿಟಕಿ ಕಾಚಿಗೆ ಹಿಡಿದಿರುವ ಬೆರಳಗಲದ ಒಂದು ರಬ್ಬರ್ ಪಟ್ಟಿ ಹರಿದು ಹೋದರೆ ಏನು ಮಾಡಬೇಕು? ಉಮರ್ಗಾ, ನಿಲಂಗಾ, ಉದಗೀರ ಕಡೆ ಹಳೇ ಗಾಡಿ ಇಟ್ಟುಕೊಂಡವರಿಗೆ ಇದೇ ದೊಡ್ಡ ತಲೆಬ್ಯಾನಿ.

ಕಂಪನಿಯ ಕಾಗದದಲ್ಲಿ ಇದಕ್ಕೆ 'ವೆದರ್ ಸ್ಟ್ರಿಪ್' ಎಂದು ಹೆಸರು. ನಮ್ಮ ಕಡೆ ಯಾರೂ ಹಾಗನ್ನುವುದಿಲ್ಲ. ಗ್ಯಾರೇಜ್‌ನಲ್ಲಿ ಇದು 'ಬೀಡಿಂಗ್', ಕಾಚಿನ ಅಂಗಡಿಯಲ್ಲಿ 'ಚಾನೆಲ್', ಮನೆ ಮಂದಿಯ ಬಾಯಲ್ಲಿ ಬರೀ 'ಕಾಚಿನ ರಬ್ಬರ್'. ಹೆಸರು ಮೂರಾದರೂ ಕೌಂಟರ್ ಮೇಲೆ ಸಾಮಾನ್ಯವಾಗಿ ಕೇಳುವ ಉತ್ತರ ಒಂದೇ: 'ಆ ಗಾಡಿದು ಈಗ ಬರಂಗಿಲ್ರಿ ಕಾಕಾ, ಸೋಲಾಪುರದಾಗ ನೋಡ್ರಿ.'

2025ರ ಸೆಪ್ಟೆಂಬರ್‌ನಲ್ಲಿ ಧಾರಾಶಿವ, ಲಾತೂರ, ಸೋಲಾಪುರ ಜಿಲ್ಲೆಗಳಲ್ಲೂ ಕರ್ನಾಟಕದ ಬೀದರ್, ಕಲಬುರಗಿ ಜಿಲ್ಲೆಗಳಲ್ಲೂ ಅತಿವೃಷ್ಟಿಯಾಗಿ ಹೊಲಗಳು ನೀರಲ್ಲಿ ನಿಂತಿದ್ದನ್ನು ಯಾರೂ ಮರೆತಿಲ್ಲ. ಅಂಥ ಮಳೆಯಲ್ಲಿ ಅಂಗಳದಲ್ಲಿ ನಿಂತ ಹಳೇ ಕಾರಿನ ಒಳಗೆ ಏನಾಗುತ್ತದೆ ಎಂಬುದು ಆ ದಿನ ಕಾಣುವುದಿಲ್ಲ. ನಾಲ್ಕು ದಿನದ ಮೇಲೆ ಬಾಗಿಲು ತೆಗೆದಾಗ ಮುಗ್ಗಲು ವಾಸನೆ ಬರುತ್ತದೆ. ಕಾಲಡಿಯ ಮ್ಯಾಟ್ ಎತ್ತಿದರೆ ಕೆಳಗೆ ನೀರು. ವರ್ಷದ ಮೇಲೆ ಬಾಗಿಲಿನ ತಳದಲ್ಲಿ ಬಣ್ಣ ಉಬ್ಬುತ್ತದೆ. ಬೆರಳಿಂದ ಒತ್ತಿದರೆ ತಗಡು ಹಪ್ಪಳದ ಹಾಗೆ ಪುಡಿಯಾಗುತ್ತದೆ.

ನಾಲ್ಕು ಪಟ್ಟಿ, ನಾಲ್ಕು ಕೆಲಸ

ಬೀಡಿಂಗ್ ಎಂದರೆ ಒಂದೇ ರಬ್ಬರ್ ಅಲ್ಲ. ಅಂಗಡಿಗೆ ಹೋಗಿ ಸುಮ್ಮನೆ 'ಬೀಡಿಂಗ್ ಕೊಡ್ರಿ' ಎಂದರೆ ಬೇರೆಯದೇ ಕೈಗೆ ಬರುತ್ತದೆ. ಆದ್ದರಿಂದ ಯಾವ ಪಟ್ಟಿ ಹೋಗಿದೆ ಎಂಬುದನ್ನು ಮೊದಲು ಗೊತ್ತು ಮಾಡಿಕೊಳ್ಳಬೇಕು.

ಒಂದನೆಯದು, ಕಾಚು ಬಾಗಿಲೊಳಗೆ ಇಳಿಯುವ ಜಾಗದಲ್ಲಿ ಹೊರಮಗ್ಗುಲಿಗೆ ಅಡ್ಡಕ್ಕೆ ಇರುವ ಪಟ್ಟಿ. ಕಾಚು ಇಳಿಯುವಾಗ ನೀರು, ದೂಳನ್ನು ಒರೆಸುವುದು ಇದರ ಕೆಲಸ. ಬಿಸಿಲು ನೇರವಾಗಿ ಬೀಳುವುದು ಇದರ ಮೇಲೆಯೇ. ಹೀಗಾಗಿ ಮೊದಲು ಸಾಯುವುದೂ ಇದೇ.

ಎರಡನೆಯದು, ಅದೇ ಜಾಗದಲ್ಲಿ ಒಳಮಗ್ಗುಲಿಗೆ ಇರುವ ಪಟ್ಟಿ. ಇದು ಹೋದರೆ ಕಾಚು ಗಡಗಡ ಅಲುಗಾಡುತ್ತದೆ.

ಮೂರನೆಯದು ಚಾನೆಲ್. ಕಾಚು ಮೇಲೆ ಕೆಳಗೆ ಓಡಾಡುವ ದಾರಿ ಇದು. ತಲೆಕೆಳಗಾದ 'ಯು' ಆಕಾರದಲ್ಲಿ ಕಿಟಕಿ ಚೌಕಟ್ಟಿನ ಸುತ್ತ ಕೂತಿರುತ್ತದೆ. ಒಳಗೆ ಮಖಮಲ್ಲಿನಂಥ ಸಣ್ಣ ನೂಲು ಅಂಟಿಸಿರುತ್ತಾರೆ. ಆ ನೂಲು ಸವೆದು ರಬ್ಬರ್ ಗಟ್ಟಿಯಾದರೆ ಕಾಚು ಬಿಗಿ ಹಿಡಿಯುತ್ತದೆ. ಜೋರು ಮಾಡಿ ಹ್ಯಾಂಡಲ್ ತಿರುಗಿಸಿದರೆ ಒಳಗಿನ ಹಲ್ಲು ಸವೆಯುತ್ತವೆ ಇಲ್ಲವೇ ವೈರ್ ಹರಿಯುತ್ತದೆ. ಬಟನ್ ಕಾಚಿನ ಗಾಡಿಯಲ್ಲಿ ಮೋಟರ್ ಮೇಲೆ ಭಾರ ಬೀಳುತ್ತದೆ. ರಬ್ಬರ್ ಪಟ್ಟಿಯ ರೋಗಕ್ಕೆ ಮೋಟರ್ ಬದಲಿಸಿ ರೊಕ್ಕ ಕಳೆದುಕೊಳ್ಳುವುದು ಹೀಗೆಯೇ.

ನಾಲ್ಕನೆಯದು ಡೋರ್ ಬೀಡಿಂಗ್. ಬಾಗಿಲು ಮುಚ್ಚುವಾಗ ಬಾಡಿಗೂ ಬಾಗಿಲಿಗೂ ನಡುವೆ ಒತ್ತಿಕೊಳ್ಳುವ ದಪ್ಪ, ಮೆತ್ತನೆ ಸ್ಪಂಜ್ ರಬ್ಬರ್ ಇದು. ಇದು ಚಪ್ಪಟೆಯಾದರೆ ಹೆದ್ದಾರಿ ಮೇಲೆ ಗಾಳಿ ಶಿಳ್ಳೆ ಹಾಕುತ್ತದೆ, ಕಚ್ಚಾ ರಸ್ತೆಯಲ್ಲಿ ಕರಿಮಣ್ಣಿನ ದೂಳು ಮಡಿಲಿಗೆ ಬೀಳುತ್ತದೆ.

ಮುಂದಿನ ದೊಡ್ಡ ಕಾಚಿನ ಸುತ್ತ ಕೂಡುವ ರಬ್ಬರ್ ಬೇರೆ. ಹಳೇ ಗಾಡಿಗಳಲ್ಲಿ ಅದರ ಸಂದಿಯಲ್ಲಿ ದಾರ ಹಾಕಿ, ಒಳಗಿನಿಂದ ಎಳೆದು ಕೂಡಿಸುತ್ತಾರೆ. ಅದು ಕಾಚಿನ ಮಿಸ್ತ್ರಿಯ ಕೆಲಸ. ಮನೆಯಲ್ಲಿ ಮಾಡುವಂಥದ್ದಲ್ಲ.

ತುಕ್ಕು ಒಳಗಿಂದ ತಿನ್ನುತ್ತದೆ

ಕಾರಿನ ಬಾಗಿಲೊಳಗೆ ಒಂದಿಷ್ಟು ನೀರು ಹೋಗುವುದು ಹೊಸ ಗಾಡಿಯಲ್ಲೂ ಸಹಜ. ಅದಕ್ಕೆಂದೇ ಬಾಗಿಲಿನ ತಳದಲ್ಲಿ ಸಣ್ಣ ತೂತು ಬಿಟ್ಟಿರುತ್ತಾರೆ. ಒಳಗಿನ ಹಲಗೆ ಮತ್ತು ತಗಡಿನ ನಡುವೆ ಪ್ಲಾಸ್ಟಿಕ್ ಹಾಳೆಯೂ ಇರುತ್ತದೆ. ಒಳಗೆ ಹೋದ ನೀರು ಆ ತೂತಿನಿಂದ ಹೊರಗೆ ಹೋಗಬೇಕು.

ಹೊರಗಿನ ಪಟ್ಟಿ ಸತ್ತರೆ ನೀರಿನ ಜೊತೆ ಮಣ್ಣೂ ಒಳಗೆ ಇಳಿಯುತ್ತದೆ. ಮಣ್ಣು ತೂತು ಮುಚ್ಚುತ್ತದೆ. ನೀರು ಅಲ್ಲೇ ನಿಲ್ಲುತ್ತದೆ. ತುಕ್ಕು ಒಳಗಿನಿಂದ ಹೊರಗೆ ಬರುತ್ತದೆ, ಕಣ್ಣಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಗ್ಯಾರೇಜ್‌ನಲ್ಲಿ ಮೇಲೆ ಲಂಬಿ ತುಂಬಿ, ಬಣ್ಣ ಹೊಡೆದು ಕೊಟ್ಟರೆ ಒಂದು ಮಳೆಗಾಲ ಚಂದ ಕಾಣುತ್ತದೆ. ನೀರು ಬರುವ ದಾರಿ ಮುಚ್ಚದಿದ್ದರೆ ಎರಡನೇ ಮಳೆಗಾಲಕ್ಕೆ ಮತ್ತೆ ಅದೇ ಹಾಡು.

ನಮ್ಮ ಹವಾಮಾನವೂ ರಬ್ಬರಿಗೆ ವೈರಿ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು, ಅದರ ಬೆನ್ನಿಗೇ ಮಿರಗದ ಮಳೆ. ಸಾದಾ ರಬ್ಬರ್ ಬಿಸಿಲಿಗೆ, ಗಾಳಿಯಲ್ಲಿನ ಓಝೋನ್‌ಗೆ ಬಿರುಕು ಬಿಡುತ್ತದೆ. ಇದಕ್ಕೆಂದೇ 1960ರ ದಶಕದಿಂದ ಈಚೆಗೆ 'ಇಪಿಡಿಎಂ' ಎಂಬ ಕೃತಕ ರಬ್ಬರ್ ಬಳಕೆಗೆ ಬಂತು. ಬಿಸಿಲು, ಮಳೆ ಇದು ಚೆನ್ನಾಗಿ ತಾಳುತ್ತದೆ. ಆದರೆ ಎಣ್ಣೆ, ಗ್ರೀಸ್, ಡೀಸೆಲ್ ತಾಗಿದರೆ ಉಬ್ಬಿ ಕೆಡುತ್ತದೆ. 'ಕಾಚು ಬಿಗಿ ಆಗ್ಯದ' ಎಂದು ಚಾನೆಲ್‌ಗೆ ಗ್ರೀಸ್ ಹಚ್ಚುವ ನಮ್ಮ ಹಳೇ ರೂಢಿ ಬಿಡಬೇಕು. ಗ್ರೀಸ್‌ಗೆ ದೂಳು ಅಂಟಿ ಅದು ಉಪ್ಪುಕಾಗದದ ಹಾಗೆ ಕಾಚನ್ನು ಗೀರುತ್ತದೆ.

ಕಂಪನಿ ಹೋಯ್ತು, ಕಾರು ಉಳೀತು

ಯಾವ ಗಾಡಿ ಎಂಬುದರ ಮೇಲೆ ಹುಡುಕಾಟದ ಕಷ್ಟ ನಿಂತಿದೆ.

ಮಾರುತಿ 800 ಇದ್ದವರು ಪುಣ್ಯವಂತರು. 1983ರ ಡಿಸೆಂಬರ್‌ನಲ್ಲಿ ಮೊದಲ ಗಾಡಿ ರಸ್ತೆಗೆ ಬಂದು, 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. ಮೂವತ್ತು ವರ್ಷ ಲಕ್ಷಗಟ್ಟಲೆ ಓಡಿದ ಗಾಡಿ ಆದ್ದರಿಂದ ಹೊರಗಿನ ಕಂಪನಿಗಳ ಬೀಡಿಂಗ್ ಸಿಗುತ್ತದೆ. ಆದರೆ 1986ರಲ್ಲಿ ಅದರ ಬಾಡಿಯೇ ಬದಲಾಗಿದೆ. ಅದಕ್ಕೂ ಹಿಂದಿನದಿದ್ದರೆ ಈಚಿನ ಪಟ್ಟಿ ಕೂಡುತ್ತದೆ ಎಂದು ನಂಬಿ ತರಬೇಡಿ.

ಮುಂಬೈ ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿಯ ಕಥೆ ಬೇರೆ. ನಮ್ಮ ಹಿರಿಯರಿಗೆ ಅದು ಇವತ್ತಿಗೂ 'ಫಿಯಾಟ್'. ಮುಂಬೈಯಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿ ಆದದ್ದು 2003ರ ಅಕ್ಟೋಬರ್‌ನಲ್ಲಿ. ಟ್ಯಾಕ್ಸಿಗೆ ಅಲ್ಲಿ 20 ವರ್ಷದ ಮಿತಿ ಇರುವುದರಿಂದ 2023ರ ಅಕ್ಟೋಬರ್ ಕೊನೆಗೆ ಕಾಳಿ-ಪೀಳಿ ಪದ್ಮಿನಿ ರಸ್ತೆಯಿಂದ ಇಳಿಯಿತು. ಟ್ಯಾಕ್ಸಿ ಇದ್ದಾಗ ಅದರ ಸಾಮಾನಿಗೆ ಗಿರಾಕಿ ಇತ್ತು, ಗಿರಾಕಿ ಇದ್ದಲ್ಲಿ ಸಾಮಾನು ಬರುತ್ತಿತ್ತು. ಈಗ ಉಳಿದದ್ದು ಹವ್ಯಾಸಿಗಳು ಮಾತ್ರ. ಪದ್ಮಿನಿಯ ಮುಂದಿನ ಬಾಗಿಲಲ್ಲಿ ಗಾಳಿಗೆ ತಿರುಗಿಸುವ ಸಣ್ಣ ತ್ರಿಕೋನ ಕಾಚು ಇದೆಯಲ್ಲ, ಅದರ ರಬ್ಬರ್ ಅಚ್ಚಿನಲ್ಲಿ ತೆಗೆದದ್ದು. ಮೀಟರ್ ಲೆಕ್ಕದ ಪಟ್ಟಿಯಿಂದ ಅದರ ಕೆಲಸ ಆಗುವುದಿಲ್ಲ.

ಅಂಬಾಸಿಡರ್ ತಯಾರಿಕೆ 2014ರ ಮೇ ತಿಂಗಳಲ್ಲಿ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ನಿಂತಿತು. ಟಾಟಾ ಇಂಡಿಕಾ 2018ರಲ್ಲಿ, ಸುಮೋ 2019ರಲ್ಲಿ ನಿಂತವು. ಇವುಗಳ ಸಾಮಾನು ಇನ್ನೂ ಅಲ್ಲಲ್ಲಿ ಸಿಗುತ್ತದೆ. ಹೆಚ್ಚು ತ್ರಾಸ ಇರುವುದು ಕಂಪನಿಯೇ ಎದ್ದು ಹೋದ ಗಾಡಿಗಳಿಗೆ. ಡೇವೂ 2000ದ ದಶಕದ ಆರಂಭದಲ್ಲೇ ಹೋಯಿತು. ಓಪೆಲ್ 2006ರಲ್ಲಿ ಹೋಯಿತು. ಶೆವ್ರೊಲೆ ಮಾರಾಟ 2017ರ ಕೊನೆಗೆ ನಿಂತಿತು. ಫೋರ್ಡ್ ತಯಾರಿಕೆ ನಿಲ್ಲಿಸುವುದಾಗಿ 2021ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಇಂಥ ಗಾಡಿ ಸೆಕೆಂಡ್ ಹ್ಯಾಂಡ್ ಸಸ್ತಾ ಸಿಗುತ್ತದೆ ಎಂದು ತಗೊಳ್ಳುವವರು ಎಂಜಿನ್ ನೋಡುತ್ತಾರೆ, ಟಾಯರ್ ನೋಡುತ್ತಾರೆ. ಕಿಟಕಿ ರಬ್ಬರ್ ನೋಡುವವರು ಕಡಿಮೆ.

ಹುಡುಕುವುದು ಎಲ್ಲಿ?

ಗಡಿ ಭಾಗದವರಿಗೆ ಒಂದು ಅನುಕೂಲ ಇದೆ. ನಮಗೆ ಪೇಟೆ ಒಂದಲ್ಲ, ಮೂರು ದಿಕ್ಕಿಗೂ ಇವೆ. 1956ರ ನವೆಂಬರ್ 1ರ ತನಕ ಉದಗೀರ, ನಿಲಂಗಾ ತಾಲೂಕುಗಳು ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲೇ ಇದ್ದವು. ರಾಜ್ಯಗಳ ಪುನರ್‌ವಿಂಗಡಣೆಯಲ್ಲಿ ಈ ಕಡೆ ಬಂದು ಉಸ್ಮಾನಾಬಾದ್ ಜಿಲ್ಲೆಗೆ ಸೇರಿದವು. 1982ರಲ್ಲಿ ಲಾತೂರ ಜಿಲ್ಲೆ ಆದಾಗ ಅದರಲ್ಲಿ ಬಂದವು. ನಕಾಶೆ ಬದಲಾಯಿತು, ಬೀಗರು ಬದಲಾಗಲಿಲ್ಲ. ಮಗಳನ್ನು ಆಳಂದಕ್ಕೆ ಕೊಟ್ಟವರು, ಭಾಲ್ಕಿಯಿಂದ ಸೊಸೆ ತಂದವರು ಇಲ್ಲಿ ಊರೂರಿಗೂ ಇದ್ದಾರೆ. ಲಗ್ನಕ್ಕೆ, ಕಾರ್ಯಕ್ಕೆ ಹೋದಾಗ ಹಳೇ ಪಟ್ಟಿಯ ತುಂಡು ಕಿಸೆಯಲ್ಲಿದ್ದರೆ ಎರಡೂ ಕೆಲಸ ಆಗುತ್ತವೆ.

ಉಮರ್ಗಾದವರಿಗೆ ಸೋಲಾಪುರ-ಹೈದರಾಬಾದ್ ಹೆದ್ದಾರಿ ಮನೆ ಮುಂದೆಯೇ ಇದೆ. ಹಿಂದೆ ಅದು 9ನೇ ನಂಬರ್, ಈಗ 65. ಒಂದು ದಿಕ್ಕಿಗೆ ಸೋಲಾಪುರ, ಇನ್ನೊಂದು ದಿಕ್ಕಿಗೆ ಹುಮನಾಬಾದ್, ಜಹೀರಾಬಾದ್ ದಾಟಿ ಹೈದರಾಬಾದ್. ನಿಲಂಗಾದವರಿಗೆ ಲಾತೂರ ಹತ್ತಿರ. ಔರಾದ್ ಶಹಾಜನಿ ಕಡೆಯವರಿಗೆ ಬಸವಕಲ್ಯಾಣ, ಭಾಲ್ಕಿ ಹತ್ತಿರ. ಉದಗೀರದವರಿಗೆ ರೈಲೇ ಇದೆ. ಲಾತೂರ ರೋಡ್ ಕಡೆಯಿಂದ ಬರುವ ಗಾಡಿ ಉದಗೀರ, ಕಮಲನಗರ, ಭಾಲ್ಕಿ ಮೇಲೆ ಬೀದರ್ ಮುಟ್ಟಿ ಮುಂದೆ ವಿಕಾರಾಬಾದ್ ಕಡೆ ಹೋಗುತ್ತದೆ.

ಊರಲ್ಲೇ ಹುಡುಕುವಾಗ ಬರೀ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೇಳಿ ಕೈಬಿಡಬೇಡಿ. ಸೀಟ್ ಕವರ್ ಹೊಲಿಯುವ ಕುಶನ್ ಅಂಗಡಿ, ಗಾಡಿ ಕಾಚು ಹಾಕುವ ಅಂಗಡಿ, ಟ್ರಕ್-ಬಸ್ ಬಾಡಿ ಕಟ್ಟುವವರು, ಈ ಮೂರೂ ಕಡೆ ಮೀಟರ್ ಲೆಕ್ಕದ ರಬ್ಬರ್ ಇಡುವುದುಂಟು. ಅಲ್ಲಿ ಆಗದಿದ್ದರೆ ದೊಡ್ಡ ಪೇಟೆ: ಹೈದರಾಬಾದಿನ ಜಾಂಬಾಗ್, ಪುಣೆಯ ನಾನಾ ಪೇಠ, ಬೆಂಗಳೂರಿನ ಜೆ.ಸಿ. ರಸ್ತೆ. ಪದ್ಮಿನಿಗೆ ಮುಂಬೈ ಕುರ್ಲಾ ಕಡೆ ಕೇಳಬೇಕು, ಅಂಬಾಸಿಡರ್‌ಗೆ ಕೋಲ್ಕತ್ತದ ಮಲ್ಲಿಕ್ ಬಜಾರ್. ಅಷ್ಟು ದೂರ ಯಾರೂ ಒಂದು ಪಟ್ಟಿಗಾಗಿ ಹೋಗುವುದಿಲ್ಲ. ಫೋಟೋ ಕಳಿಸಿ, ಅಳತೆ ಹೇಳಿ, ಪಾರ್ಸೆಲ್ ತರಿಸುವುದು ಈಗಿನ ರೀತಿ.

ಭಂಗಾರವೋ, ಬಂಗಾರವೋ?

ಮರಾಠಿಯಲ್ಲಿ 'ಭಂಗಾರ' ಎಂದರೆ ಗುಜರಿ, ಕನ್ನಡದಲ್ಲಿ 'ಬಂಗಾರ' ಎಂದರೆ ಚಿನ್ನ. ಎರಡೂ ಭಾಷೆ ಆಡುವ ನಮ್ಮ ಕಡೆ ಈ ಚೇಷ್ಟೆ ಹಳೆಯದು. ಹಳೇ ಗಾಡಿ ಇದ್ದವರಿಗೆ ಭಂಗಾರದ ಅಂಗಡಿಯಲ್ಲೇ ಬಂಗಾರ ಸಿಗುತ್ತದೆ ಎಂಬುದೂ ನಿಜ. ಆದರೆ ಏನು ತರಬೇಕು, ಏನು ಬಿಡಬೇಕು ಎಂಬುದು ಗೊತ್ತಿರಬೇಕು.

ಅಲ್ಲಿ ಬಿದ್ದಿರುವ ಗಾಡಿಯ ರಬ್ಬರಿಗೂ ನಿಮ್ಮ ಗಾಡಿಯಷ್ಟೇ ವಯಸ್ಸು. ಮೇಲಾಗಿ ಅದು ವರ್ಷಾನುಗಟ್ಟಲೆ ಬಯಲಲ್ಲಿ ಬಿಸಿಲು ಉಂಡಿರುತ್ತದೆ. ಹೀಗಾಗಿ ರಬ್ಬರ್ ತರುವುದು ವ್ಯರ್ಥ. ತರಬೇಕಾದದ್ದು ತಗಡಿನ ಚಾನೆಲ್, ಸ್ಟೀಲ್ ಪಟ್ಟಿ, ಪಟ್ಟಿ ಹಿಡಿಯುವ ಸಣ್ಣ ಕ್ಲಿಪ್, ಕಾಚು ಎತ್ತುವ ಮಶೀನ್. ಇವು ತುಕ್ಕು ಹಿಡಿಯದಿದ್ದರೆ ಖರೇನೇ ಬಂಗಾರ. ಕ್ಲಿಪ್ ಇಲ್ಲದೆ ಹೊಸ ಪಟ್ಟಿ ತಂದರೂ ಅದು ನಿಲ್ಲುವುದಿಲ್ಲ. ಬಿಚ್ಚುವಾಗ ಮುರಿಯುವುದೂ ಅದೇ. ಆದ್ದರಿಂದ ನಾಲ್ಕು ಹೆಚ್ಚಿಗೇ ತರುವುದು ಜಾಣತನ.

ತುಂಡು ತೋರಿಸಿ, ಮಾತು ಬೇಡ

ಲಾತೂರದಲ್ಲಿ ಮರಾಠಿ, ಬೀದರ್‌ನಲ್ಲಿ ಕನ್ನಡ, ಹೈದರಾಬಾದಿನಲ್ಲಿ ದಖನಿ. ಯಾವ ಭಾಷೆಯಲ್ಲಿ ಹೇಳಿದರೂ ರಬ್ಬರಿನ ಆಕಾರ ಬಾಯಿಂದ ಹೇಳಿ ತಿಳಿಸುವುದು ಕಷ್ಟ. ಹಳೇ ಪಟ್ಟಿಯಿಂದ ಎರಡು ಇಂಚು ತುಂಡು ಕತ್ತರಿಸಿ ಒಯ್ಯಬೇಕು. ತುದಿ ಸವೆದಿರುತ್ತದೆ. ಬಿಸಿಲು ಕಡಿಮೆ ಬೀಳುವ ಜಾಗದಿಂದ ಕತ್ತರಿಸಿದರೆ ಮೂಲ ಆಕಾರ ಉಳಿದಿರುತ್ತದೆ.

ಜೊತೆಗೆ ಚೀಟಿಯಲ್ಲಿ ಇಷ್ಟು ಬರೆದುಕೊಳ್ಳಿ: ಗಾಡಿಯ ಹೆಸರು, ತಯಾರಾದ ವರ್ಷ, ಚಾಸಿ ನಂಬರ್. ಮುಂದಿನ ಬಾಗಿಲೋ ಹಿಂದಿನದೋ, ಎಡವೋ ಬಲವೋ. ಕಾಚಿನ ದಪ್ಪ ಎಷ್ಟು ಮಿ.ಮೀ. ಪಟ್ಟಿ ಕೂಡುವ ತಗಡಿನ ಅಂಚು ಎಷ್ಟು ದಪ್ಪ. 'ಯು' ಚಾನೆಲ್ ಇದ್ದರೆ ಒಳಗಲ, ಹೊರಗಲ, ಆಳ. ಉದ್ದವನ್ನು ಸೂತಳಿ ಹಿಡಿದು ಅಳೆಯಿರಿ, ಅದಕ್ಕೆ ನಾಲ್ಕು ಬೆರಳು ಹೆಚ್ಚು ಹಿಡಿಯಿರಿ.

ಮೀಟರ್ ಲೆಕ್ಕದ ಪಟ್ಟಿ ನೇರ ಜಾಗಕ್ಕೆ ಚೆನ್ನಾಗಿ ಕೂಡುತ್ತದೆ. ಮೂಲೆಯಲ್ಲಿ ಮಾತ್ರ ಓರೆಯಾಗಿ ಕತ್ತರಿಸಿ ಅಂಟಿಸಬೇಕು. ಆ ಜೋಡು ಮೇಲ್ಭಾಗದಲ್ಲಿ ಬಂದರೆ ನೀರು ಒಳಗೆ ದಾರಿ ಮಾಡಿಕೊಳ್ಳುತ್ತದೆ, ಆದಷ್ಟು ಕೆಳಗೆ ಬರುವಂತೆ ನೋಡಿಕೊಳ್ಳಬೇಕು. ಡೋರ್ ಬೀಡಿಂಗ್ ದಪ್ಪ ಇದ್ದಷ್ಟು ಒಳ್ಳೇದು ಎಂಬ ತಿಳಿವಳಿಕೆಯೂ ತಪ್ಪು. ದಪ್ಪ ಹೆಚ್ಚಾದರೆ ಬಾಗಿಲು ಕೂಡುವುದಿಲ್ಲ. ಬಡಿದು ಬಡಿದು ಲಾಕ್ ಹೋಗುತ್ತದೆ.

ಹಾಕಿದ ಮೇಲೆ ಪರೀಕ್ಷೆ ಸುಲಭ. ಬಾಗಿಲ ಸಂದಿಯಲ್ಲಿ ಕಾಗದದ ಚೂರು ಇಟ್ಟು ಮುಚ್ಚಿ, ಎಳೆಯಿರಿ. ಬಿಗಿಯಾಗಿ ಬಂದರೆ ಪಟ್ಟಿ ಹಿಡಿದಿದೆ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಗಾಳಿ-ನೀರಿಗೆ ದಾರಿ ಇದೆ ಎಂದೇ ಅರ್ಥ. ಸುತ್ತಲೂ ಗೇಣಿಗೊಂದು ಕಡೆ ಹೀಗೆ ನೋಡಬೇಕು. ಆಮೇಲೆ ಒಬ್ಬರು ಒಳಗೆ ಕೂತು, ಇನ್ನೊಬ್ಬರು ಹೊರಗಿನಿಂದ ಕೊಡ ನೀರು ಸುರಿದರೆ ಉಳಿದದ್ದು ತಾನೇ ತಿಳಿಯುತ್ತದೆ.

ಹೊಸ ಪಟ್ಟಿ ಹಾಕುವ ಮುಂಚೆ ಬಾಗಿಲ ತಳದ ತೂತುಗಳನ್ನು ಸಣ್ಣ ಕಡ್ಡಿಯಿಂದ ಬಿಡಿಸಬೇಕು. ಈ ಕೆಲಸಕ್ಕೆ ಒಂದು ಪೈಸೆ ಖರ್ಚಿಲ್ಲ. ತುಕ್ಕು ಇದ್ದರೆ ಕೆರೆದು, ಪ್ರೈಮರ್ ಹಚ್ಚಿ ಒಣಗಿಸಿದ ಮೇಲೆಯೇ ರಬ್ಬರ್ ಕೂಡಿಸಬೇಕು. ಚಾನೆಲ್ ಬಿಗಿ ಅನಿಸಿದರೆ ಗ್ರೀಸ್ ಬದಲು ಸಿಲಿಕಾನ್ ಸ್ಪ್ರೇ ಹೊಡೆಯಬೇಕು.

ಲೆಕ್ಕ ಹಾಕಿದರೆ ಏನು ಉಳಿಯುತ್ತೆ?

'ಇಷ್ಟೆಲ್ಲ ಯಾಕ್ರಿ, ಮಾರಿ ಹೊಸಾದು ತಗೋಬಾರ್ದಾ?' ಎಂದು ಮಕ್ಕಳು ಕೇಳುವುದು ಸಹಜ. ಆದರೆ ವರ್ಷಕ್ಕೆ ನಾಲ್ಕು ಲಗ್ನ, ಎರಡು ಸಲ ಸೋಲಾಪುರದ ದವಾಖಾನೆ, ಒಮ್ಮೆ ತುಳಜಾಪುರ, ಇಷ್ಟಕ್ಕೆ ಗಾಡಿ ಇಟ್ಟ ಮನೆಗೆ ಹೊಸ ಕಾರಿನ ತಿಂಗಳ ಕಂತು ಭಾರ. ಹಳೇ ಗಾಡಿ ಕೈಬಿಟ್ಟರೆ ರಾತ್ರಿ ವ್ಯಾಳ್ಯಾದಾಗ ಹಿರಿಯರಿಗೆ ಎದಿ ನೋವು ಬಂತೆಂದರೆ ಬಾಡಿಗೆ ಜೀಪಿಗೆ ಕಾಯಬೇಕು.

ಆದರೆ ಇಟ್ಟುಕೊಳ್ಳುವುದಕ್ಕೂ ಖರ್ಚಿದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಆರ್‌ಟಿಓದಲ್ಲಿ ಗಾಡಿ ತೋರಿಸಿ, ಫಾರ್ಮ್ 25 ತುಂಬಿ, ಐದೈದು ವರ್ಷಕ್ಕೆ ಮುಂದುವರಿಸಬೇಕು. ಈ ಫೀ ಮೊದಲು 600 ರೂಪಾಯಿ ಇತ್ತು. 2022ರ ಏಪ್ರಿಲ್ 1ರಿಂದ 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ 10,000 ಆಗಿದೆ. ಮಹಾರಾಷ್ಟ್ರದಲ್ಲಿ ಪರ್ಯಾವರಣ ಕರ ಬೇರೆ. 2021ರಲ್ಲಿ ಬಂದ ಕೇಂದ್ರದ ಗುಜರಿ ನೀತಿ ವಯಸ್ಸಾಯಿತೆಂದು ಮಾತ್ರ ಖಾಸಗಿ ಕಾರನ್ನು ಭಂಗಾರಕ್ಕೆ ಹಾಕಿ ಎನ್ನುವುದಿಲ್ಲ. ಫಿಟ್‌ನೆಸ್ ಇರಬೇಕು, ಅದೇ ಮುಖ್ಯ.

ರಬ್ಬರ್ ಪಟ್ಟಿಯ ಪ್ರಶ್ನೆ ದೊಡ್ಡದಾಗುವುದು ಇಲ್ಲಿ. ಎಂಜಿನ್ ಬಿಚ್ಚಿ ಕಟ್ಟಬಹುದು. ಬ್ರೇಕ್ ಹೊಸದು ಹಾಕಬಹುದು. ತುಕ್ಕು ತಿಂದ ತಳ, ಬಾಗಿಲು, ಕಂಬ ಮಾತ್ರ ಗಾಡಿಯ ಕಿಮ್ಮತ್ತಿಗಿಂತ ಹೆಚ್ಚು ಖರ್ಚು ಕೇಳುತ್ತವೆ. ಹಳೇ ಕಾರಿನ ಆಯುಷ್ಯ ಅದರ ಬಾಡಿಯಲ್ಲಿದೆ. ಆ ಬಾಡಿ ಕಾಯುವುದು ನಾವು ಕಣ್ಣೆತ್ತಿ ನೋಡದ ಈ ಕರಿ ಪಟ್ಟಿ.

ಮಿರಗ ಕೂಡುವುದು ಜೂನ್ ಮೊದಲ ವಾರದ ಸುಮಾರಿಗೆ. ಮಳೆ ಶುರುವಾದ ಮೇಲೆ ತುಕ್ಕು ಕೆರೆಯಲೂ ಆಗುವುದಿಲ್ಲ, ಪ್ರೈಮರ್ ಒಣಗುವುದೂ ಇಲ್ಲ. ಕುಶನ್ ಅಂಗಡಿಯವರಿಗೂ ಆಗ ಗಿರಾಕಿಗಳ ಗದ್ದಲ. ಆದ್ದರಿಂದ ಪಾಡವಾ ಮುಗಿದ ಮೇಲೆ, ಲಗ್ನಸರಾಯಿ ಓಡಾಟದ ನಡುವೆ, ಒಂದು ದಿನ ಬಾಗಿಲು ತೆಗೆದು ಬೆರಳಿಂದ ಪಟ್ಟಿ ಒತ್ತಿ ನೋಡಿ. ಮೆತ್ತಗಿದ್ದರೆ ಬಟ್ಟೆಯಿಂದ ಒರೆಸಿ ಬಿಡಿ. ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಎರಡು ಇಂಚು ತುಂಡು ಕತ್ತರಿಸಿ ಕಿಸೆಯಲ್ಲಿ ಇಟ್ಟುಕೊಳ್ಳಿ. ಮುಂದಿನ ಲಗ್ನ ಬೀದರ್‌ನಲ್ಲಾಗಲಿ, ಸೋಲಾಪುರದಲ್ಲಾಗಲಿ, ಅಕ್ಷತೆ ಹಾಕಿ ಊಟಕ್ಕೆ ಕೂಡುವ ಮುಂಚೆ ಒಂದು ತಾಸು ಸಿಕ್ಕೇ ಸಿಗುತ್ತದೆ.